ಕಾಯಲಾಗದ ಆಪರೇಷನ್: ಕೋವಿಡ್ ನಂತರದ ಕಪ್ಪು ಶಿಲೀಂಧ್ರ ಮತ್ತು ಅರಿವಳಿಕೆ



ಅರಿವಳಿಕೆಯ ಬಗ್ಗೆ ಸಾರ್ವಜನಿಕ ಉಪನ್ಯಾಸಗಳು ನಡೆಯುವುದು ಅಪರೂಪ. ಅರಿವಳಿಕೆ ವೈದ್ಯರಾದ ನಾವು ಮಾಡಿದ ಕೆಲಸ ರೋಗಿಗೆ ನೆನಪಿರುವುದಿಲ್ಲ. ನೆನಪಿರಬಾರದು ಎನ್ನುವುದೇ ನಮ್ಮ ಕೆಲಸದ ಒಂದು ಭಾಗ. ಹಾಗಾಗಿ 2021ರ ಬೇಸಿಗೆಯ ಬಗ್ಗೆ ಮಾತಾಡುವಾಗ ಜನಕ್ಕೆ ಆಮ್ಲಜನಕದ ಸಿಲಿಂಡರ್ ನೆನಪಾಗುತ್ತದೆ, ಸಿಗದೆ ಹೋದ ಇಂಜೆಕ್ಷನ್ ನೆನಪಾಗುತ್ತದೆ, ಬ್ಲ್ಯಾಕ್ ಫಂಗಸ್ ಎಂದರೆ ಕಣ್ಣು ತೆಗೆದ ನೆಂಟರೊಬ್ಬರ ಮುಖ ನೆನಪಾಗುತ್ತದೆ. ಕೋವಿಡ್‌ನಿಂದ ಎದ್ದು ಇನ್ನೂ ಏದುಸಿರು ಬಿಡುತ್ತಿದ್ದ ಆ ಮನುಷ್ಯನನ್ನು ಐದಾರು ಗಂಟೆ ಪ್ರಜ್ಞೆ ತಪ್ಪಿಸಿ, ಮತ್ತೆ ಎಬ್ಬಿಸಿ, ನಾಲ್ಕು ದಿನ ಬಿಟ್ಟು ಪುನಃ ಮಲಗಿಸಿ ಎಬ್ಬಿಸಿದ್ದು ಹೇಗೆ ಎಂಬುದನ್ನು ಹೇಳಿದವರು ಕಡಿಮೆ. ಇವತ್ತು ಅದನ್ನು ಹೇಳುತ್ತೇನೆ.

ಮೊದಲು ರೋಗದ ಅಳತೆ. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಮ್ಯೂಕರ್‌ಮೈಕೋಸಿಸ್, ಅಂದರೆ ಬ್ಲ್ಯಾಕ್ ಫಂಗಸ್ ಅನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಅಧಿಸೂಚಿತ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಸೂಚಿಸಿತು. ಜೂನ್ 28ರ ಹೊತ್ತಿಗೆ ದೇಶದಲ್ಲಿ ವರದಿಯಾದ ರೋಗಿಗಳು 40,845, ಸಾವು 3,129. ಅವರಲ್ಲಿ 31,344 ಮಂದಿಯ ರೋಗ ಮೂಗು, ಮುಖ, ಮಿದುಳಿಗೆ ಸಂಬಂಧಿಸಿದ್ದು. ಶೇ 85ರಷ್ಟು ಜನಕ್ಕೆ ಕೋವಿಡ್ ಬಂದಿತ್ತು, ಶೇ 64ರಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇತ್ತು, ಅರ್ಧಕ್ಕಿಂತ ಹೆಚ್ಚು ಜನ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ನಮ್ಮಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್‌ನಂಥ ಕಡೆ ಇದಕ್ಕೆಂದೇ ವಾರ್ಡುಗಳು ಎದ್ದವು. ಅದಕ್ಕೆ ಮುಂಚೆ ಎಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ದೇಶದ 16 ಆಸ್ಪತ್ರೆಗಳು ಲೆಕ್ಕ ಹಾಕಿದಾಗಲೇ 287 ರೋಗಿಗಳು ಸಿಕ್ಕಿದ್ದರು. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಮಿಗಿಲು. ಎರಡನೇ ಅಲೆ ಇನ್ನೂ ಆರಂಭವಾಗಿರಲಿಲ್ಲ.

ಈ ಶಿಲೀಂಧ್ರ ಹೊಸದಲ್ಲ, ದೂರದ್ದೂ ಅಲ್ಲ. ಹಳಸಿದ ಬ್ರೆಡ್ಡಿನ ಮೇಲೆ, ಕೊಳೆತ ಹಣ್ಣಿನ ಮೇಲೆ ಕಾಣುವ ಬೂಷ್ಟಿನ ಕುಲದ್ದೇ. ಇದರ ಬೀಜಾಣುಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಸದಾ ಇರುತ್ತವೆ. ನಾವೆಲ್ಲ ದಿನವೂ ಉಸಿರಾಡುತ್ತೇವೆ, ನಮಗೇನೂ ಆಗುವುದಿಲ್ಲ. ಮನುಷ್ಯನಲ್ಲಿ ಇದು ತರುವ ರೋಗವನ್ನು 1885ರಲ್ಲೇ ಪಾಲ್ಟಾಫ್ ಎಂಬ ವೈದ್ಯರು ವಿವರಿಸಿದ್ದರು. ದೇಹದ ಕಾವಲು ಸಡಿಲವಾದಾಗ ಮೂಗಿನೊಳಗೆ ಕೂತ ಬೀಜಾಣು ಮೊಳೆತು ಎಳೆಯಾಗಿ ಬೆಳೆಯುತ್ತದೆ. ಆ ಎಳೆಗಳಿಗೆ ರಕ್ತನಾಳದ ಗೋಡೆ ಕೊರೆದು ಒಳನುಗ್ಗುವ ಶಕ್ತಿ ಇದೆ. ನಾಳದೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಅದರಾಚೆಗಿನ ಮಾಂಸ ಮೂಳೆಗಳು ಸಾಯುತ್ತವೆ. ನಾವು ಕಾಣುವ ಕಪ್ಪು ಬಣ್ಣ ಹೀಗೆ ಸತ್ತ ಮಾಂಸದ್ದು. ಮೂಗಿನಿಂದ ಸೈನಸ್ಸಿಗೆ, ಅಲ್ಲಿಂದ ಅಂಗುಳಕ್ಕೆ, ಕಣ್ಣಿನ ಗುಳಿಗೆ, ಕೊನೆಗೆ ಮಿದುಳಿಗೆ ಅದರ ದಾರಿ.

ಸಕ್ಕರೆ ಏರಿದ ರಕ್ತ ಇದಕ್ಕೆ ಹಿತ. ಅದಕ್ಕಿಂತ ಹಿತ ಆಮ್ಲ ತುಂಬಿದ ರಕ್ತ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಸುಡಲು ತೊಡಗಿದಾಗ ಕೀಟೋನ್‌ಗಳು ಶೇಖರವಾಗಿ ರಕ್ತ ಆಮ್ಲೀಯವಾಗುತ್ತದೆ. ಮಾಮೂಲಿ ರಕ್ತದಲ್ಲಿ ಕಬ್ಬಿಣದ ಅಂಶವನ್ನು ಒಂದು ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆಮ್ಲ ಹೆಚ್ಚಾದರೆ ಆ ಹಿಡಿತ ಸಡಿಲವಾಗುತ್ತದೆ. ಬಿಡುಗಡೆಯಾದ ಕಬ್ಬಿಣವೇ ಶಿಲೀಂಧ್ರದ ಆಹಾರ. ಕೋವಿಡ್ ಸಕ್ಕರೆಯನ್ನು ಏರಿಸಿತು, ಸ್ಟೀರಾಯ್ಡ್ ಇನ್ನಷ್ಟು ಏರಿಸಿತು, ಜೊತೆಗೆ ದೇಹದ ಬಿಳಿ ರಕ್ತಕಣಗಳ ಕೈ ಕಟ್ಟಿತು. ಆಗ ಹಲವು ಕಾರಣಗಳು ಬಾಯಿಂದ ಬಾಯಿಗೆ ಹರಡಿದವು: ಕಾರ್ಖಾನೆಯ ಆಮ್ಲಜನಕ, ಹ್ಯುಮಿಡಿಫೈಯರ್ ನೀರು, ಸತು ಮಾತ್ರೆ, ಹಬೆ. ಯಾವುದಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಸಕ್ಕರೆಗೆ ಮತ್ತು ಸ್ಟೀರಾಯ್ಡಿಗೆ ಸಿಕ್ಕಿತು.

ಸ್ಟೀರಾಯ್ಡನ್ನು ನಾನು ದೂರುತ್ತಿಲ್ಲ. ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲಿ ತೋರಿಸಿಕೊಟ್ಟದ್ದು ಇದು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಶೇ 41ರಿಂದ ಶೇ 29ಕ್ಕೆ ಇಳಿಯುತ್ತದೆ. ಆಮ್ಲಜನಕ ಬೇಕಾದವರಿಗೂ ಲಾಭವಿತ್ತು. ಆಮ್ಲಜನಕವೇ ಬೇಡದವರಿಗೆ ಮಾತ್ರ ಏನೇನೂ ಲಾಭವಿರಲಿಲ್ಲ. ಆ ಪ್ರಬಂಧದ ಮೊದಲರ್ಧವನ್ನು ನಮ್ಮ ದೇಶ ಓದಿತು, ಕೊನೆಯ ಸಾಲನ್ನು ಓದಲಿಲ್ಲ. ಮನೆಯಲ್ಲೇ, ಜ್ವರದ ಮೊದಲ ದಿನವೇ, ಸಕ್ಕರೆ ಪರೀಕ್ಷೆಯಿಲ್ಲದೆ, ಹೇಳಿದ್ದಕ್ಕಿಂತ ದೊಡ್ಡ ಪ್ರಮಾಣದಲ್ಲಿ, ಹೇಳಿದ್ದಕ್ಕಿಂತ ಹೆಚ್ಚು ದಿನ ಸ್ಟೀರಾಯ್ಡ್ ನುಂಗಿದವರು ಎಷ್ಟೋ ಜನ. ವಾಟ್ಸಾಪ್‌ನಲ್ಲಿ ಬಂದ ಔಷಧ ಚೀಟಿಯೊಂದನ್ನು ಇಡೀ ಬೀದಿ ಬಳಸಿದ್ದುಂಟು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಇದು ತಪ್ಪಿಸಬಹುದಾಗಿದ್ದ ರೋಗ.

ಈಗ ನಮ್ಮ ಕೆಲಸಕ್ಕೆ ಬರೋಣ. ಈ ರೋಗಕ್ಕೆ ಔಷಧ ಇದೆ, ಆಂಫೊಟೆರಿಸಿನ್. ಹಾಗಿದ್ದೂ ಆಪರೇಷನ್ ಯಾಕೆ? ಔಷಧ ಹೋಗುವುದು ರಕ್ತದ ಮೂಲಕ. ರಕ್ತನಾಳವೇ ಮುಚ್ಚಿಹೋದ ಕಡೆ ಔಷಧ ತಲುಪುವುದಿಲ್ಲ. ಸತ್ತ ಭಾಗವನ್ನೆಲ್ಲ ಕೆತ್ತಿ ತೆಗೆಯಬೇಕು, ಜೀವಂತ ಭಾಗ ಸಿಗುವವರೆಗೂ ತೆಗೆಯಬೇಕು. ಅದೂ ಬೇಗ. ರಕ್ತದ ಕ್ಯಾನ್ಸರ್ ಇರುವ ರೋಗಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧ ಶುರು ಮಾಡುವುದು ಆರು ದಿನ ಅಥವಾ ಅದಕ್ಕಿಂತ ಹೆಚ್ಚು ತಡವಾದವರಲ್ಲಿ ಹನ್ನೆರಡು ವಾರದೊಳಗಿನ ಸಾವು ಶೇ 49ರಿಂದ ಶೇ 83ಕ್ಕೆ ಏರಿತ್ತು. ಈ ಶಿಲೀಂಧ್ರದ ಎದುರು ದಿನಗಳಿಗೆ ಅಷ್ಟು ಬೆಲೆ.

ಇನ್ನೊಂದು ಕಡೆ, ಅದೇ ಕಾಲದಲ್ಲಿ ನಮ್ಮ ಕೈಗೆ ಬೇರೊಂದು ಲೆಕ್ಕ ಸಿಕ್ಕಿತು. 2020ರ ಅಕ್ಟೋಬರ್‌ನಲ್ಲಿ 116 ದೇಶಗಳ 1,40,231 ರೋಗಿಗಳನ್ನು ಗಮನಿಸಿ ಮಾಡಿದ ಅಧ್ಯಯನ ಅದು. ಕೋವಿಡ್ ಬಾರದವರಲ್ಲಿ ಆಪರೇಷನ್ನಿನ ನಂತರ ಮೂವತ್ತು ದಿನದೊಳಗಿನ ಸಾವು ಶೇ 1.5. ಕೋವಿಡ್ ಬಂದ ಎರಡು ವಾರದೊಳಗೆ ಆಪರೇಷನ್ ಆದವರಲ್ಲಿ ಶೇ 4.1. ಆರನೇ ವಾರದವರೆಗೂ ಅಪಾಯ ಹೆಚ್ಚಾಗಿಯೇ ಇತ್ತು. ಏಳು ವಾರ ದಾಟಿದ ಮೇಲೆ ಮೊದಲಿನ ಮಟ್ಟಕ್ಕೆ ಬಂತು. ಆದ್ದರಿಂದ ಸಾಧ್ಯವಾದಲ್ಲೆಲ್ಲ ಏಳು ವಾರ ಕಾಯಿರಿ ಎಂದು ಹಲವು ಅರಿವಳಿಕೆ ತಜ್ಞರು ಆಗ ಸಲಹೆ ಕೊಟ್ಟರು. ಕಪ್ಪು ಶಿಲೀಂಧ್ರದ ರೋಗಿ ನಮ್ಮ ಬಳಿ ಬರುತ್ತಿದ್ದದ್ದು ಕೋವಿಡ್ ಆದ ಎರಡನೇ, ಮೂರನೇ ವಾರದಲ್ಲಿ. ಕೆಲವರು ಇನ್ನೂ ಪಾಸಿಟಿವ್ ಇದ್ದಾಗಲೇ ಬಂದರು.

ದೇಹ ಏಳು ವಾರ ಕೇಳುತ್ತದೆ, ರೋಗ ಏಳು ದಿನವನ್ನೂ ಕೊಡುವುದಿಲ್ಲ. ಈ ಎರಡರ ನಡುವೆ ನಮಗೆ ಸಿಗುತ್ತಿದ್ದದ್ದು ಒಂದು ರಾತ್ರಿ, ಹೆಚ್ಚೆಂದರೆ ಒಂದು ದಿನ. ನಮ್ಮ ಆಸ್ಪತ್ರೆಗಳಲ್ಲಿ ಸರ್ಜನ್‌ಗಳು ಅರಿವಳಿಕೆ ವಿಭಾಗಕ್ಕೆ ಕಳಿಸುವ ಚೀಟಿಯಲ್ಲಿ ಬರೆಯುವುದು ‘ಫಿಟ್‌ನೆಸ್ ಕೊಡಿ’ ಎಂದು. ಈ ರೋಗಿಗಳ ಮಟ್ಟಿಗೆ ಆ ಪ್ರಶ್ನೆಗೆ ಅರ್ಥವಿಲ್ಲ. ಇವರಲ್ಲಿ ಒಬ್ಬರೂ ಫಿಟ್ ಆಗಿರಲಿಲ್ಲ, ಕಾಯಿಸಿದರೆ ಆಗುವಂತೆಯೂ ಇರಲಿಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ: ಕೈಯಲ್ಲಿರುವ ಈ ಕೆಲವು ಗಂಟೆಗಳಲ್ಲಿ ಏನನ್ನು ಸರಿಪಡಿಸಬಹುದು, ಏನನ್ನು ಹಾಗೆಯೇ ಹೊತ್ತುಕೊಂಡು ಥಿಯೇಟರಿನೊಳಗೆ ಹೋಗಬೇಕು? ನಾನು ಇವತ್ತು ಹೇಳುವುದೆಲ್ಲ ಈ ಒಂದು ವಿಂಗಡಣೆಯ ಬಗ್ಗೆ.

ಯಾರೊಬ್ಬರ ಗುರುತೂ ಇಲ್ಲದ ಹಾಗೆ, ಹಲವರನ್ನು ಸೇರಿಸಿ ಒಬ್ಬ ರೋಗಿಯನ್ನು ನಿಮ್ಮ ಮುಂದೆ ಇಡುತ್ತೇನೆ. ಐವತ್ತರ ಆಸುಪಾಸಿನ ಗಂಡಸು. ಕೋವಿಡ್ ಬಂದು ಹದಿನೈದು ದಿನವಾಗಿದೆ. ಸಕ್ಕರೆ ಕಾಯಿಲೆ ಇತ್ತು, ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಕೆನ್ನೆ ಮರಗಟ್ಟಿದೆ, ಹಲ್ಲು ಅಲುಗಾಡುತ್ತಿದೆ, ಒಂದು ಕಣ್ಣು ಊದಿ ಮುಂದೆ ಬಂದು ದೃಷ್ಟಿ ಹೋಗಿದೆ. ಮೂಗಿನಿಂದ ಕಪ್ಪು ಸ್ರಾವ. ಕೂತರೆ ಆಮ್ಲಜನಕ ತೊಂಬತ್ತೆರಡು, ನಾಲ್ಕು ಹೆಜ್ಜೆ ನಡೆದರೆ ಎಂಬತ್ತೆಂಟು. ರಕ್ತದಲ್ಲಿ ಸಕ್ಕರೆ ನಾನೂರು.

ಮೊದಲ ಕೆಲಸ ಸಕ್ಕರೆ ಮತ್ತು ಕೀಟೋನ್. ಇನ್ಸುಲಿನ್ ಡ್ರಿಪ್ ಹಾಕಿ, ಸಲೈನ್ ಕೊಟ್ಟು, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಾ ಸಕ್ಕರೆಯನ್ನು 140ರಿಂದ 180ರ ನಡುವೆ ತರಬೇಕು. ಕೀಟೋನ್ ಪೂರ್ತಿ ಹೋಗಲಿ ಎಂದು ಕಾಯುತ್ತಾ ಕೂರಲಾಗದು. ಆಮ್ಲದ ಮಟ್ಟ ಇಳಿಯುವ ದಿಕ್ಕು ಹಿಡಿದರೆ ಸಾಕು, ಉಳಿದದ್ದನ್ನು ಆಪರೇಷನ್ ನಡೆಯುವಾಗಲೂ ಮುಂದುವರಿಸಬಹುದು. ಈ ಚಿಕಿತ್ಸೆ ಅರಿವಳಿಕೆಯ ಸುರಕ್ಷತೆಗಷ್ಟೇ ಅಲ್ಲ, ಶಿಲೀಂಧ್ರದ ಬಾಯಿಂದ ಕಬ್ಬಿಣ ಕಸಿಯುವುದಕ್ಕೂ ಹೌದು.

ಎರಡನೆಯದು ಪೊಟ್ಯಾಸಿಯಂ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ರೋಗಿಗಳಲ್ಲಿ ನಮ್ಮನ್ನು ಅತಿ ಹೆಚ್ಚು ಕಾಡಿದ್ದು ಇದೇ. ಆಂಫೊಟೆರಿಸಿನ್ ಕೆಲಸ ಮಾಡುವುದು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ತೂತು ಮಾಡಿ. ವೆನೆಜುವೆಲಾದ ಓರಿನೋಕೊ ನದಿ ಸೀಮೆಯ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಸಿಕ್ಕ ಔಷಧ ಇದು. ಎಪ್ಪತ್ತು ವರ್ಷವಾದರೂ ಈ ರೋಗದಲ್ಲಿ ಇದರ ಸ್ಥಾನಕ್ಕೆ ಬೇರೊಂದು ಬಂದಿಲ್ಲ. ಆದರೆ ಅದು ನಮ್ಮ ಮೂತ್ರಪಿಂಡದ ನಾಳಗಳಿಗೂ ಪೆಟ್ಟು ಕೊಡುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಮೂತ್ರದಲ್ಲಿ ಹರಿದುಹೋಗುತ್ತವೆ. ಅತ್ತ ಇನ್ಸುಲಿನ್ ಇರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ. ಸ್ಟೀರಾಯ್ಡ್ ಕೂಡ ಅದನ್ನು ಕಳೆಯುತ್ತದೆ. ಮೂರು ದಾರಿಯಲ್ಲಿ ಸೋರುತ್ತಿರುವಾಗ ರಕ್ತದಲ್ಲಿ 3.5ರ ಮೇಲಿರಬೇಕಾದದ್ದು 2.5ಕ್ಕೆ ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಹೃದಯದ ಲಯ ತಪ್ಪಬಹುದು, ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಇಳಿಯದೆ ಉಸಿರಾಟ ಮರಳದಿರಬಹುದು. ಸರಿ, ಬೇಗ ತುಂಬಿಬಿಡೋಣ ಎಂದರೆ ಅದೂ ಆಗದು. ಗಂಟೆಗೆ 10, ಇಸಿಜಿ ನೋಡುತ್ತಾ ಕೊಟ್ಟರೆ 20 ಮಿಲಿ ಈಕ್ವಿವಲೆಂಟ್ ಮೀರಿ ಕೊಟ್ಟರೆ ಹೃದಯವೇ ನಿಲ್ಲಬಹುದು. ಮೆಗ್ನೀಸಿಯಂ ಸರಿಪಡಿಸದೆ ಪೊಟ್ಯಾಸಿಯಂ ಎಷ್ಟು ಸುರಿದರೂ ನಿಲ್ಲುವುದಿಲ್ಲ. ಇದರ ಜೊತೆಗೆ ಇನ್ನೊಂದು ತೊಡಕು: ಐಸಿಯುನಲ್ಲಿ ವಾರಗಟ್ಟಲೆ ಅಲುಗಾಡದೆ ಮಲಗಿದ್ದವರಿಗೆ ಸಕ್ಸಿನೈಲ್‌ಕೋಲಿನ್ ಎಂಬ ನಮ್ಮ ಹಳೆಯ, ವೇಗದ ಔಷಧ ಕೊಟ್ಟರೆ ಸ್ನಾಯುಗಳಿಂದ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಬೆಳಿಗ್ಗೆ ಕಡಿಮೆಯಾಗಿದೆ ಎಂದು ಡ್ರಿಪ್ ಹಾಕಿದ ಅದೇ ರೋಗಿಯ ಹೃದಯ ಮಧ್ಯಾಹ್ನ ಪೊಟ್ಯಾಸಿಯಂ ಹೆಚ್ಚಾಗಿ ನಿಲ್ಲುವ ಅಪಾಯ. ಆದ್ದರಿಂದ ಆ ಔಷಧವನ್ನು ದೂರವಿಟ್ಟು ರೋಕ್ಯುರೋನಿಯಂ ಬಳಸುತ್ತಿದ್ದೆವು. ಮೂತ್ರಪಿಂಡ ಸೋತಿದ್ದರೆ, ಅದನ್ನು ಅವಲಂಬಿಸದೆ ರಕ್ತದಲ್ಲೇ ಕರಗಿಹೋಗುವ ಅಟ್ರಾಕ್ಯುರಿಯಂ.

ಮೂತ್ರಪಿಂಡದ ಮಾತು ಬಂತಲ್ಲ, ಇಂಜೆಕ್ಷನ್ ಕೊರತೆಯ ಬಗ್ಗೆ ಒಂದು ಮಾತು. ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ಅಡಗಿಸಿದ ಲೈಪೋಸೋಮಲ್ ಆಂಫೊಟೆರಿಸಿನ್ ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುತ್ತದೆ. ಅದರ ಪ್ರಮಾಣ ದೇಹತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. ಅರವತ್ತು ಕಿಲೋ ತೂಗುವವರಿಗೆ 50 ಮಿಲಿಗ್ರಾಮಿನ ಸೀಸೆ ದಿನಕ್ಕೆ ಆರು. ಮೂರು ವಾರಕ್ಕೆ 126. ಒಬ್ಬ ರೋಗಿಗೆ ಇಷ್ಟು. ಜೂನ್ 12ರಂದು ಜಿಎಸ್‌ಟಿ ಮಂಡಳಿ ಇದರ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆಯಿತು. ಆದರೆ ಮೇ ತಿಂಗಳಿಡೀ ತೆರಿಗೆಗಿಂತ ದೊಡ್ಡ ಸಮಸ್ಯೆ ಸೀಸೆಯೇ ಸಿಗದಿದ್ದದ್ದು. ಲೈಪೋಸೋಮಲ್ ಇಲ್ಲದ ದಿನ ಹಳೆಯ ಆಂಫೊಟೆರಿಸಿನ್ ಕೊಡಬೇಕಾಗುತ್ತಿತ್ತು. ಚಳಿ, ನಡುಕ, ಜ್ವರದ ಜೊತೆಗೆ, ಮೂತ್ರಪಿಂಡದ ಸೋಲನ್ನು ತೋರಿಸುವ ಕ್ರಿಯಾಟಿನಿನ್ ದಿನೇ ದಿನೇ ಏರುತ್ತಿತ್ತು. ಔಷಧ ಅಂಗಡಿಯ ಮುಂದಿನ ಆ ಸರತಿ ಮೂರು ದಿನದ ನಂತರ ನಮ್ಮ ಥಿಯೇಟರಿನ ಟೇಬಲ್ ಮೇಲೆ ಕೆಟ್ಟ ಮೂತ್ರಪಿಂಡವಾಗಿ ಕಾಣಿಸಿಕೊಳ್ಳುತ್ತಿತ್ತು. ಇಂಥವರಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ನೂ ಕೊಡುವಂತಿಲ್ಲ.

ಮೂರನೆಯದು ಸ್ಟೀರಾಯ್ಡ್. ರೋಗಕ್ಕೆ ದಾರಿ ಮಾಡಿದ ಔಷಧವನ್ನು ನಾವೇ ಮತ್ತೆ ಕೊಡಬೇಕಾಗಿ ಬರುವುದು ಇಲ್ಲಿ. ನಾಲ್ಕು ವಾರ ಅಥವಾ ಹೆಚ್ಚು ಕಾಲ, ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ನಷ್ಟು ತೆಗೆದುಕೊಂಡವರಲ್ಲೂ ಸ್ಟೀರಾಯ್ಡ್ ತಯಾರಿಸುವ ದೇಹದ ಸ್ವಂತ ಗ್ರಂಥಿ ಕೆಲಸ ಮರೆತಿರಬಹುದು. ದೊಡ್ಡ ಆಪರೇಷನ್ನಿನ ಒತ್ತಡ ಬಂದಾಗ ರಕ್ತದೊತ್ತಡ ಕುಸಿದರೆ, ಯಾವ ಔಷಧಕ್ಕೂ ಅದು ಏಳುವುದಿಲ್ಲ. ಅದಕ್ಕಾಗಿ ಹೈಡ್ರೊಕಾರ್ಟಿಸೋನ್ ಕೊಡುತ್ತೇವೆ, ಸಕ್ಕರೆ ಏರುತ್ತದೆಂದು ಗೊತ್ತಿದ್ದೇ ಕೊಡುತ್ತೇವೆ, ಇನ್ಸುಲಿನ್ ಜೊತೆಗಿಟ್ಟುಕೊಂಡು. ಮನೆಯವರು ಎಷ್ಟೋ ಸಲ ಕೇಳಿದ್ದಾರೆ, ‘ಡಾಕ್ಟ್ರೇ, ಇದರಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು?’ ಎಂದು. ಹೌದು. ಆದರೂ ಇವತ್ತು ಬೇಕು ಎಂದು ತಾಳ್ಮೆಯಿಂದ ವಿವರಿಸಬೇಕು.

ರಕ್ತ ತೆಳು ಮಾಡುವ ಇಂಜೆಕ್ಷನ್ ನಿಲ್ಲಿಸಿ ಎಷ್ಟು ಗಂಟೆಯಾಯಿತು, ಹೃದಯದ ಎಕೋ ಹೇಗಿದೆ, ರಕ್ತ ಎಷ್ಟು ಬಾಟಲಿ ತಯಾರಿದೆ ಎಂಬುದನ್ನೆಲ್ಲ ನೋಡಬೇಕು. ಅವು ಯಾವ ದೊಡ್ಡ ಆಪರೇಷನ್ನಿಗೂ ಇರುವಂಥವೇ. ಶ್ವಾಸಕೋಶವನ್ನು ಮಾತ್ರ ಸರಿಪಡಿಸಲಾಗದು. ಅದು ಹೊತ್ತುಕೊಂಡು ಹೋಗಬೇಕಾದ ಭಾರಗಳಲ್ಲಿ ದೊಡ್ಡದು.

ಅದು ಯಾಕೆ ದೊಡ್ಡದೆಂದರೆ, ಅರಿವಳಿಕೆಯ ಅತಿ ಅಪಾಯದ ಗಳಿಗೆ ಅದರ ಮೊದಲ ಕೆಲವು ನಿಮಿಷಗಳು. ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ, ಶ್ವಾಸನಾಳದೊಳಗೆ ಟ್ಯೂಬ್ ಹೋಗುವವರೆಗೆ ದೇಹ ತನ್ನಲ್ಲಿ ಕೂಡಿಟ್ಟ ಆಮ್ಲಜನಕದ ಮೇಲೆ ಬದುಕಬೇಕು. ಆರೋಗ್ಯವಂತನಿಗೆ ಮುಂಚಿತವಾಗಿ ಶುದ್ಧ ಆಮ್ಲಜನಕ ತುಂಬಿಸಿದರೆ ಏಳೆಂಟು ನಿಮಿಷ ಸಿಗುತ್ತದೆ. ಕೋವಿಡ್ ತಿಂದ ಶ್ವಾಸಕೋಶದಲ್ಲಿ ಅದರ ಒಂದು ಸಣ್ಣ ಪಾಲು. ಆ ಸಣ್ಣ ಪಾಲಿನೊಳಗೆ ಮಾಡಬೇಕಾದ ಕೆಲಸಕ್ಕೆ ಈ ರೋಗಿಯ ಮುಖವೇ ಅಡ್ಡ. ದವಡೆಯ ಸ್ನಾಯುಗಳಿಗೆ ಸೋಂಕು ತಾಗಿ ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಊದಿದ ಕೆನ್ನೆಯ ಮೇಲೆ ಮಾಸ್ಕ್ ಕೂರುವುದಿಲ್ಲ. ಅಂಗುಳದಲ್ಲಿ ತೂತು ಬಿದ್ದಿರುತ್ತದೆ. ಅಲುಗಾಡುವ ಹಲ್ಲು, ಗಂಟಲಿನ ತನಕ ಇಳಿದ ಕಪ್ಪು ಹಕ್ಕಳೆ, ಮುಟ್ಟಿದರೆ ರಕ್ತ. ಬಾಯಿ ತೆರೆಯದಿದ್ದರೆ ಮೂಗಿನ ಮೂಲಕ ಟ್ಯೂಬ್ ಹಾಕುವುದು ನಮ್ಮ ವಾಡಿಕೆ. ಇಲ್ಲಿ ಮೂಗೇ ರೋಗದ ಮನೆ, ಆ ದಾರಿ ಮುಚ್ಚಿದೆ. ಮೊದಲು ವೆಂಟಿಲೇಟರ್ ಮೇಲಿದ್ದವರಾದರೆ ಶ್ವಾಸನಾಳ ಒಳಗೆ ಕಿರಿದಾಗಿರಬಹುದು, ಆ ಸಂಗತಿ ಟ್ಯೂಬ್ ಸಿಕ್ಕಿಕೊಂಡಾಗಲೇ ಗೊತ್ತಾಗುವುದು. ಆದ್ದರಿಂದ ಟೇಬಲ್ ಮೇಲೆ ಒಂದು ಅಳತೆ ಚಿಕ್ಕ ಟ್ಯೂಬುಗಳೂ ಇರಬೇಕು. ಎರಡನೇ ಮೂರನೇ ಆಪರೇಷನ್ನಿಗೆ ಬರುವವರಲ್ಲಿ ಇನ್ನೂ ಕಷ್ಟ. ಕಣ್ಣಿನ ಗುಳಿ ಖಾಲಿಯಾಗಿ ಅದರ ತಳ ಸೈನಸ್ಸಿಗೆ ತೆರೆದುಕೊಂಡಿರುತ್ತದೆ, ಮಾಸ್ಕ್ ಇಟ್ಟು ಗಾಳಿ ಒತ್ತಿದರೆ ಆ ಗುಳಿಯಿಂದ ಹೊರಗೆ ಬರುತ್ತದೆ. ಒದ್ದೆ ಗಾಜ್ ತುಂಬಿ, ಮೇಲೆ ಅಂಗೈ ಒತ್ತಿ ಹಿಡಿದು ಉಸಿರು ಕೊಡಬೇಕು.

ಇದರ ಪರಿಹಾರ ಮಂತ್ರವಲ್ಲ, ತಯಾರಿ. ತಲೆ ಎತ್ತರಿಸಿ ಮಲಗಿಸುವುದು, ಸಾಕಷ್ಟು ಹೊತ್ತು ಆಮ್ಲಜನಕ ತುಂಬುವುದು, ವಿಡಿಯೊ ಲ್ಯಾರಿಂಗೋಸ್ಕೋಪ್ ಕೈಗೆಟಕುವಂತೆ ಇಡುವುದು, ಬಾಯಿ ತೀರಾ ತೆರೆಯದವರಿಗೆ ಎಚ್ಚರವಿದ್ದಾಗಲೇ ಗಂಟಲು ಮರಗಟ್ಟಿಸಿ ಫೈಬರ್‌ಆಪ್ಟಿಕ್ ಸಾಧನದಿಂದ ಟ್ಯೂಬ್ ಇಳಿಸುವುದು, ಇಎನ್‌ಟಿ ಸರ್ಜನ್ ಕತ್ತಿನಲ್ಲಿ ರಂಧ್ರ ಮಾಡಲು ಸಿದ್ಧರಾಗಿ ಪಕ್ಕದಲ್ಲೇ ನಿಲ್ಲುವುದು. ಮೊದಲ ಪ್ರಯತ್ನ ವಿಫಲವಾದರೆ ಮುಂದೇನು ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿಯೇ ಶುರು ಮಾಡುವುದು. ಪಿಪಿಇ ತೊಟ್ಟಿದ್ದಾಗ ಕನ್ನಡಕಕ್ಕೆ ಮಂಜು ಕವಿಯುತ್ತದೆ, ಮಾತು ಕೇಳಿಸುವುದಿಲ್ಲ. ಹಾಗಾಗಿ ಮುಂಚೆ ಹೇಳಿಕೊಂಡ ಮಾತಿಗೆ ಇನ್ನೂ ಹೆಚ್ಚು ಬೆಲೆ.

ಟ್ಯೂಬ್ ಕೂತ ಮೇಲೆ ರಕ್ತದ ಪ್ರಶ್ನೆ. ಸೈನಸ್ ಆಪರೇಷನ್‌ಗಳಲ್ಲಿ ಸಾಧಾರಣವಾಗಿ ನಾವು ರಕ್ತದೊತ್ತಡವನ್ನು ಬೇಕೆಂದೇ ತಗ್ಗಿಸುತ್ತೇವೆ. ಎಂಡೋಸ್ಕೋಪಿನ ಮುಂದೆ ಒಂದು ಹನಿ ರಕ್ತ ಬಿದ್ದರೂ ಸರ್ಜನ್‌ಗೆ ಏನೂ ಕಾಣದು. ಈ ರೋಗದಲ್ಲಿ ಆ ಅಭ್ಯಾಸವನ್ನು ತಡೆದು ಯೋಚಿಸಬೇಕಾಯಿತು. ಸತ್ತ ಮಾಂಸ ಕತ್ತರಿಸಿದರೆ ರಕ್ತ ಬರುವುದಿಲ್ಲ. ಕೆತ್ತುತ್ತಾ ಹೋಗಿ ಅಂಚು ಕೆಂಪಾಗಿ ರಕ್ತ ಒಸರಿದಾಗಲೇ ಜೀವಂತ ಭಾಗ ಸಿಕ್ಕಿತೆಂದು ಅರ್ಥ. ಸರ್ಜನ್ ಆ ರಕ್ತವನ್ನೇ ಹುಡುಕುತ್ತಿರುತ್ತಾರೆ. ಒತ್ತಡ ತೀರಾ ಇಳಿಸಿದರೆ ಜೀವಂತ ಅಂಚೂ ಬಿಳಿಚಿಕೊಂಡು ಅವರಿಗೆ ಗಡಿ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯ, ಈ ರೋಗಿಯ ಮಿದುಳಿಗೆ ಹೋಗುವ ದೊಡ್ಡ ನಾಳದ ಪಕ್ಕದಲ್ಲೇ ಶಿಲೀಂಧ್ರ ಕೂತಿರಬಹುದು, ಮೂತ್ರಪಿಂಡ ಅರ್ಧ ಸೋತಿದೆ, ಹೃದಯ ಕೋವಿಡ್‌ನಿಂದ ಬಳಲಿದೆ. ಮೂರಕ್ಕೂ ತಗ್ಗಿದ ಒತ್ತಡ ವಿಷ. ನನ್ನ ಅಭಿಪ್ರಾಯ ಸ್ಪಷ್ಟ: ಇವರಲ್ಲಿ ಒತ್ತಡ ಏರದಂತೆ ನೋಡಿಕೊಳ್ಳಬೇಕು, ಇಳಿಸಲು ಹೋಗಬಾರದು. ತಲೆಯನ್ನು ಸ್ವಲ್ಪ ಎತ್ತರಿಸಿ, ನೋವು ಸರಿಯಾಗಿ ತಡೆದು, ಡೆಕ್ಸ್‌ಮೆಡೆಟೊಮಿಡಿನ್‌ನಂಥ ಔಷಧದಿಂದ ನಾಡಿಯನ್ನು ನಿಧಾನಕ್ಕಿಟ್ಟರೆ ಸಾಕಾಗುತ್ತದೆ. ರಕ್ತ ಹೋದರೆ ತುಂಬಿಸೋಣ. ಮೇಲ್ದವಡೆ ತೆಗೆಯುವಾಗ ಹೋಗಿಯೇ ಹೋಗುತ್ತದೆ.

ನಾಡಿ ನಿಧಾನವಾಗಿರುವುದಕ್ಕೂ ಒಂದು ಮಿತಿ ಇದೆ. ಕಣ್ಣನ್ನು ಗುಳಿಯಿಂದ ತೆಗೆಯುವಾಗ ಅದರ ಸ್ನಾಯುಗಳನ್ನು ಎಳೆದರೆ ಹೃದಯದ ಬಡಿತ ಹಠಾತ್ತನೆ ಇಳಿಯುತ್ತದೆ, ಒಮ್ಮೊಮ್ಮೆ ನಿಂತೂ ಹೋಗುತ್ತದೆ. ಐದನೇ ತಲೆನರದಿಂದ ಹೋದ ಸುದ್ದಿ ಹತ್ತನೇ ನರದ ಮೂಲಕ ಹೃದಯಕ್ಕೆ ತಡೆಯಾಗಿ ಬರುವ ಈ ಪ್ರತಿವರ್ತನೆಯನ್ನು ಆಶ್ನರ್ ಮತ್ತು ದಾನ್ಯೀನಿ 1908ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ್ದರು. ಮಾನಿಟರಿನ ಸದ್ದು ಎಳೆದ ಕೂಡಲೇ ಮೊದಲು ಮಾಡಬೇಕಾದದ್ದು ಔಷಧ ಹುಡುಕುವುದಲ್ಲ, ‘ಕೈ ಬಿಡಿ’ ಎಂದು ಸರ್ಜನ್‌ಗೆ ಹೇಳುವುದು. ಎಳೆತ ನಿಂತರೆ ಬಡಿತ ಮರಳುತ್ತದೆ. ಮರಳದಿದ್ದರೆ ಅಟ್ರೋಪಿನ್. ಪೊಟ್ಯಾಸಿಯಂ ಕಡಿಮೆಯಿದ್ದ ಹೃದಯ ಈ ಗಳಿಗೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಭಯವೇ ಹಿಂದಿನ ರಾತ್ರಿಯ ನಮ್ಮ ಅಷ್ಟೆಲ್ಲ ಒದ್ದಾಟಕ್ಕೆ ಕಾರಣ.

ಕೊನೆಗೆ ಎಬ್ಬಿಸುವುದು. ಗಂಟಲಿನಲ್ಲಿ ತುರುಕಿದ ಬಟ್ಟೆಯ ಪ್ಯಾಕ್ ಹೊರಬಂತೆಂದು ಎಣಿಸಿ, ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಿಯೇ ಮುಂದುವರಿಯಬೇಕು. ಮೂಗಿನ ತುಂಬ ಪ್ಯಾಕ್ ಇದೆ, ಮುಖದ ಮೇಲೆ ಮಾಸ್ಕ್ ಕೂರುವುದಿಲ್ಲ, ಆದ್ದರಿಂದ ಪೂರ್ತಿ ಎಚ್ಚರವಾಗಿ, ಹೇಳಿದ್ದಕ್ಕೆ ಕೈ ಹಿಸುಕಿ, ತಾನೇ ಕೆಮ್ಮುವಂತಾದ ಮೇಲಷ್ಟೇ ಟ್ಯೂಬ್ ತೆಗೆಯುವುದು. ಸಂಶಯವಿದ್ದರೆ ಆ ರಾತ್ರಿ ಟ್ಯೂಬ್ ಹಾಗೆಯೇ ಇಟ್ಟು ಐಸಿಯುಗೆ ಕಳಿಸುವುದೇ ಲೇಸು. ನೋವಿಗೆ ಪ್ಯಾರಸಿಟಮಾಲ್, ಕೆನ್ನೆಯ ನರದ ಬ್ಲಾಕ್, ಅಳತೆ ನೋಡಿ ಫೆಂಟನಿಲ್. ಮುಂದೆ ಶಿಲೀಂಧ್ರದ ವಿರುದ್ಧ ಪೊಸಕೊನಜೋಲ್ ಮಾತ್ರೆ ಶುರುವಾದವರಲ್ಲಿ ಇನ್ನೊಂದು ಎಚ್ಚರ ಬೇಕು: ಅದು ಯಕೃತ್ತಿನಲ್ಲಿ ಫೆಂಟನಿಲ್, ಮಿಡಜೋಲಾಂ ಕರಗುವುದನ್ನು ತಡೆಯುತ್ತದೆ. ಮಾಮೂಲಿ ಪ್ರಮಾಣ ಕೊಟ್ಟರೂ ರೋಗಿ ಗಂಟೆಗಟ್ಟಲೆ ಜೊಂಪಿನಲ್ಲಿ ಉಳಿಯಬಹುದು.

ಇಷ್ಟೆಲ್ಲದರ ನಡುವೆ ಮಾತಿಗೆ ಜಾಗ ಎಲ್ಲಿ ಎಂದು ನೀವು ಕೇಳಬಹುದು. ಥಿಯೇಟರಿನ ಬಾಗಿಲೊಳಗೆ ರೋಗಿ ಎಚ್ಚರವಾಗಿದ್ದು ಕೇಳಿಸಿಕೊಳ್ಳುವ ಕೊನೆಯ ದನಿ ಅರಿವಳಿಕೆ ವೈದ್ಯರದ್ದು. ಏಳುವಾಗ ಒಂದು ಕಣ್ಣು ಇರುವುದಿಲ್ಲವೆಂದು ಗೊತ್ತಿದ್ದೇ ಅವರು ಮಲಗುತ್ತಾರೆ. ಹೈ ರಿಸ್ಕ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಒಂದು, ಹೇಳುವುದು ಇನ್ನೊಂದು. ಕೋವಿಡ್ ವಾರ್ಡಿನಲ್ಲಿ ಹೆಂಡತಿ ಮಕ್ಕಳು ಹತ್ತಿರ ಬರುವಂತಿರಲಿಲ್ಲ. ಎಷ್ಟೋ ಸಲ ಫೋನಿನ ಸ್ಪೀಕರ್ ಹಾಕಿ, ಮನೆಯವರ ದನಿ ಕೇಳಿಸುತ್ತಾ ಮಲಗಿಸಿದೆವು. ಮೂರನೇ ಸಲ ಬಂದವರು ‘ಇನ್ನೆಷ್ಟು ಸಲ ಸಾರ್?’ ಎಂದು ಕೇಳಿದಾಗ ನಿಜ ಹೇಳಬೇಕು: ಎಂಆರ್‌ಐ ನೋಡುವವರೆಗೆ ಸರ್ಜನ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಎಷ್ಟು ಸಲವಾದರೂ ನಾವು ಇಲ್ಲೇ ಇರುತ್ತೇವೆ ಎಂದು. ಈ ಮಾತಿಗೆ ಖರ್ಚಾಗುವುದು ಐದು ನಿಮಿಷ. ಹಾಗೆ ಮಾತಾಡಿಸಿದವರ ನಾಡಿ ಮಾನಿಟರಿನಲ್ಲಿ ಇಳಿಯುವುದನ್ನು ನಾನು ಕಂಡಿದ್ದೇನೆ.

ಈ ಕೆಲಸವನ್ನು ಜಿಲ್ಲೆಗಳಲ್ಲಿ ಮಾಡಿದವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಗಲು ಕೋವಿಡ್ ಐಸಿಯು ನೋಡಿಕೊಂಡ ಅರಿವಳಿಕೆ ವೈದ್ಯರೇ ರಾತ್ರಿ ಈ ಆಪರೇಷನ್‌ಗಳಿಗೂ ನಿಂತರು. ಅವರ ಜೊತೆ ನಿಂತ ಸ್ನಾತಕೋತ್ತರ ವಿದ್ಯಾರ್ಥಿಗಳು, ಓಟಿ ತಂತ್ರಜ್ಞರು, ಪ್ರತಿ ಗಂಟೆಗೆ ಬೆರಳು ಚುಚ್ಚಿ ಸಕ್ಕರೆ ಬರೆದ ನರ್ಸ್‌ಗಳು ಇಲ್ಲದಿದ್ದರೆ ನಾನು ಹೇಳಿದ ಯಾವ ಲೆಕ್ಕವೂ ನಡೆಯುತ್ತಿರಲಿಲ್ಲ. ಇವತ್ತಿಗೂ ಎಷ್ಟೋ ಕಡೆ ಫೈಬರ್‌ಆಪ್ಟಿಕ್ ಸಾಧನವಿಲ್ಲ, ರಾತ್ರಿ ರಕ್ತದ ಆಮ್ಲ ಮತ್ತು ಪೊಟ್ಯಾಸಿಯಂ ಅಳೆಯುವ ಯಂತ್ರವಿಲ್ಲ. ಮುಂದಿನ ವೈರಸ್ ಯಾವುದೇ ಇರಲಿ, ಈ ಎರಡು ಬೇಕೇ ಬೇಕು. ವೈರಸ್ ಬರದಿದ್ದರೂ ಬೇಕು. ಸಕ್ಕರೆ ಹತೋಟಿ ತಪ್ಪಿದ ರೋಗಿಗಳಲ್ಲಿ ಕಪ್ಪು ಶಿಲೀಂಧ್ರ ಕೋವಿಡ್‌ಗೆ ಮುಂಚೆಯೂ ಇತ್ತು, ಈಗಲೂ ಬರುತ್ತಿದೆ.

ಕೊನೆಯದಾಗಿ, ಬದುಕುಳಿದವರ ಬಗ್ಗೆ. ಅವರು ಈಗ ಬೇರೆ ಆಪರೇಷನ್‌ಗಳಿಗೆ ಬರುತ್ತಿದ್ದಾರೆ: ಮುಖದ ಮರುಜೋಡಣೆಗೆ, ಉಳಿದ ಒಂದು ಕಣ್ಣಿನ ಪೊರೆಗೆ, ಹರ್ನಿಯಾಕ್ಕೆ, ಮುರಿದ ಕಾಲಿಗೆ. ಹೊಸ ಊರಿನ ಹೊಸ ಅರಿವಳಿಕೆ ವೈದ್ಯರಿಗೆ ಅವರ ಹಳೆಯ ಕಥೆ ಗೊತ್ತಿರುವುದಿಲ್ಲ. ಅಂಗುಳಕ್ಕೆ ಹಾಕಿದ ಪ್ಲೇಟ್ ತೆಗೆದರೆ ಮಾಸ್ಕ್ ಹಿಡಿಯುವುದಿಲ್ಲವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಅಥವಾ ಬಳಗದಲ್ಲಿ ಅಂಥವರಿದ್ದರೆ ಒಂದು ಕಾರ್ಡ್ ಮಾಡಿಸಿಕೊಡಿ. ಬಾಯಿ ಎಷ್ಟು ತೆರೆಯುತ್ತದೆ, ಯಾವ ಸಾಧನದಿಂದ ಯಾವ ಅಳತೆಯ ಟ್ಯೂಬ್ ಹೋಯಿತು, ಎಷ್ಟನೇ ಪ್ರಯತ್ನಕ್ಕೆ ಹೋಯಿತು, ಮಾಸ್ಕ್ ಹಿಡಿಯಿತೇ ಇಲ್ಲವೇ, ಆಂಫೊಟೆರಿಸಿನ್ ಎಷ್ಟು ದಿನ, ಕೊನೆಯ ಕ್ರಿಯಾಟಿನಿನ್ ಎಷ್ಟು, ಸ್ಟೀರಾಯ್ಡ್ ಎಷ್ಟು ವಾರ ಎಂಬುದು ಅದರಲ್ಲಿರಲಿ. ಇದೆಲ್ಲ ಆಸ್ಪತ್ರೆಯ ಅನಸ್ತೇಶಿಯಾ ಚಾರ್ಟು, ಕೇಸ್ ಶೀಟುಗಳಲ್ಲಿ ಬರೆದಿರುತ್ತದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು ಎಂಬುದು ವೈದ್ಯರಿಗೆ ಅನ್ವಯಿಸುವ 2002ರ ನಿಯಮ. 2021ರ ಬೇಸಿಗೆಯ ಚಾರ್ಟುಗಳ ಮಟ್ಟಿಗೆ ಆ ಮೂರು ವರ್ಷ ಮುಗಿದಿದೆ. ಹಲವು ಕಡೆ ಅವು ಇನ್ನೂ ಕಪಾಟಿನಲ್ಲಿರಬಹುದು, ಇರಲೇಬೇಕೆಂಬ ಕಟ್ಟುಪಾಡು ಇಲ್ಲ. ಡಿಸ್ಚಾರ್ಜ್ ಕಾರ್ಡಿನ ಮೇಲಿನ ಐಪಿ ಸಂಖ್ಯೆ ಹಿಡಿದುಕೊಂಡು ಈ ವಾರವೇ ರೆಕಾರ್ಡ್ ವಿಭಾಗಕ್ಕೆ ಹೋಗಿ ನಕಲು ಕೇಳಿ. ಚಾರ್ಟಿನಲ್ಲಿರುವುದನ್ನು ಕಾರ್ಡಿಗೆ ಇಳಿಸಿಕೊಡಲು ಯಾವ ಅರಿವಳಿಕೆ ವೈದ್ಯರನ್ನು ಕೇಳಿದರೂ ಸರಿ. ನನ್ನನ್ನು ಕೇಳುವವರಿಗೆ ಈ ಸಭೆ ಮುಗಿದ ಮೇಲೆ ಇಲ್ಲೇ ಕೂತು ಬರೆದುಕೊಡುತ್ತೇನೆ.